ನಡಿಗೆಯ ಬಿರುಸು, ನೆನಪಿನ ಇಡುಗಂಟು

ಅರವತ್ತು ದಾಟಿದವರ ಮರೆವನ್ನು ‘ಅರಳು ಮರಳು’ ಎಂಬ ಒಂದೇ ಮಾತಿನಲ್ಲಿ ವಯಸ್ಸಿನ ಖಾತೆಗೆ ಹಾಕಿ ಸುಮ್ಮನಾಗುವ ರೂಢಿ ಕನ್ನಡ ಸಮಾಜದಲ್ಲಿ ಬಹಳ ಹಳೆಯದು. ಆ ಮರೆವಿನಲ್ಲಿ ಎರಡು ಬಗೆಗಳಿವೆ, ಅವುಗಳಲ್ಲಿ ಒಂದನ್ನು ಸ್ವಲ್ಪ ಮಟ್ಟಿಗೆ ಮುಂದೂಡಬಹುದು ಎಂಬ ತಿಳಿವಳಿಕೆ ಮಾತ್ರ ಇತ್ತೀಚಿನದು. ಕನ್ನಡಕ ಎಲ್ಲಿಟ್ಟೆ ಎಂದು ತಡಕಾಡುವುದು, ಪರಿಚಿತರ ಹೆಸರು ಅರ್ಧ ಗಂಟೆ ತಡವಾಗಿ ನೆನಪಾಗುವುದು ವಯೋಸಹಜ. ಆದರೆ ಮೂವತ್ತು ವರ್ಷ ಓಡಾಡಿದ ಬೀದಿಯಲ್ಲೇ ಮನೆಯ ದಾರಿ ತಪ್ಪುವುದು, ಕೈಯಲ್ಲಿರುವ ಚಿಲ್ಲರೆಯ ಲೆಕ್ಕ ಹಿಡಿಯಲಾಗದಿರುವುದು ಡಿಮೆನ್ಷಿಯಾದ, ಅಂದರೆ ನೆನಪು, ವಿವೇಚನೆ, ಮಾತು ಕ್ರಮೇಣ ಕುಂದಿ ದಿನನಿತ್ಯದ ಬದುಕೇ ಪರಾಧೀನವಾಗುವ ಮಿದುಳಿನ ಕಾಯಿಲೆಯ ಲಕ್ಷಣವಾಗಿರಬಹುದು. ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಸುಮಾರು ಶೇ 7.4ರಷ್ಟು, ಎಂದರೆ 88 ಲಕ್ಷ ಮಂದಿ ಈ ಸ್ಥಿತಿಯಲ್ಲಿದ್ದಾರೆ ಎಂದೂ, ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು ಎಂದೂ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ನಿವೃತ್ತರು ಹೆಚ್ಚಾಗಿ ನೆಲೆಸಿರುವ ಶಿವಮೊಗ್ಗದ ವಿನೋಬನಗರದಂಥ ಬಡಾವಣೆಗಳಿಗೂ, ಕಾರ್ಖಾನೆಯಿಂದ ಹೊರಬಂದ ಒಂದು ಇಡೀ ತಲೆಮಾರು ಮುಪ್ಪಿಗೆ ಕಾಲಿಟ್ಟಿರುವ ಭದ್ರಾವತಿಗೂ ಇದು ದೂರದ ಅಂಕಿಯಲ್ಲ.

ಮರೆವನ್ನು ತಡೆಯಲು ಏನು ಮಾಡಬೇಕೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು: ವಾಕಿಂಗ್ ಮಾಡಿ, ಇಲ್ಲವೇ ಪದಬಂಧ ಬಿಡಿಸಿ. ಎರಡರಲ್ಲೂ ಸತ್ಯವಿದೆಯಾದರೂ ಎರಡಕ್ಕೂ ಇರುವ ಆಧಾರ ಒಂದೇ ತೂಕದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ದೈಹಿಕ ಚಟುವಟಿಕೆಯನ್ನು ಬಲವಾಗಿ ಶಿಫಾರಸು ಮಾಡಿ, ಬುದ್ಧಿಯ ತರಬೇತಿಯನ್ನು ಷರತ್ತಿನೊಡನೆ ಮಾತ್ರ ಒಪ್ಪಿತು.

ವ್ಯಾಯಾಮದ ಪರವಾಗಿ ಹೆಚ್ಚು ಉಲ್ಲೇಖಗೊಳ್ಳುವ ಪ್ರಯೋಗ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾಯಿತು. 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ 40 ನಿಮಿಷಗಳ ಬಿರುಸು ನಡಿಗೆಯನ್ನೂ ಇನ್ನೊಂದಕ್ಕೆ ಮೈ ಸಡಿಲಿಸುವ ಹಗುರ ವ್ಯಾಯಾಮವನ್ನೂ ಒಂದು ವರ್ಷ ಮಾಡಿಸಿದಾಗ, ನಡೆದವರ ಹಿಪ್ಪೊಕ್ಯಾಂಪಸ್, ಅಂದರೆ ಹೊಸ ನೆನಪುಗಳನ್ನು ಕಟ್ಟುವ ಕಡಲಕುದುರೆಯಾಕಾರದ ಮಿದುಳಿನ ಭಾಗ, ಸುಮಾರು ಶೇ 2ರಷ್ಟು ಹಿಗ್ಗಿತ್ತು. ಉಳಿದವರಲ್ಲಿ ಅದು ವಯಸ್ಸಿಗೆ ತಕ್ಕಂತೆ ಶೇ 1.4ರಷ್ಟು ಕುಗ್ಗಿತ್ತು. ಹೃದಯ ಜೋರಾಗಿ ಬಡಿದುಕೊಳ್ಳುವಾಗ ಮಿದುಳಿನ ಸಣ್ಣ ರಕ್ತನಾಳಗಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನು ಹೆಚ್ಚುತ್ತದೆ. ಆದರೆ ಇಲ್ಲಿ ‘ಬಿರುಸು’ ಎಂಬ ಪದವನ್ನು ಮರೆಯುವಂತಿಲ್ಲ. ನಡೆಯುತ್ತ ಮಾತಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು, ಅದೇ ಅಳತೆ. ಗೆಳೆಯರೊಡನೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ರಾಜಕೀಯ ಚರ್ಚಿಸುವ ಸಂಜೆಯ ಸುತ್ತಾಟ ಮನಸ್ಸಿಗೆ ಹಿತವೇ ಹೊರತು ಆ ಅಳತೆಗೆ ನಿಲುಕುವುದಿಲ್ಲ.

ಬುದ್ಧಿಯ ತರಬೇತಿಯ ಕಥೆ ಇನ್ನಷ್ಟು ಜಟಿಲ. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಆಕ್ಟಿವ್’ ಪ್ರಯೋಗದಲ್ಲಿ 65 ಮೀರಿದ 2,800ಕ್ಕೂ ಹೆಚ್ಚು ಮಂದಿಯ ಪೈಕಿ ಬಹುಪಾಲಿನವರಿಗೆ ನೆನಪು, ತರ್ಕ ಅಥವಾ ಗ್ರಹಿಕೆಯ ವೇಗ, ಈ ಮೂರರಲ್ಲಿ ಒಂದರ ತರಬೇತಿ ನೀಡಿದಾಗ ಪ್ರತಿ ಗುಂಪೂ ತಾನು ಕಲಿತದ್ದರಲ್ಲಿ ಮುಂದೆ ಬಂದಿತು, ಕಲಿಯದ್ದರಲ್ಲಿ ಇದ್ದಲ್ಲಿಯೇ ಉಳಿಯಿತು. ವೇಗದ ತರಬೇತಿ ಪಡೆದವರಲ್ಲಿ ಹತ್ತು ವರ್ಷಗಳ ಬಳಿಕ ಡಿಮೆನ್ಷಿಯಾದ ಸಾಧ್ಯತೆ ಶೇ 29ರಷ್ಟು ಕಡಿಮೆ ಇತ್ತೆಂದು 2017ರ ವಿಶ್ಲೇಷಣೆ ಹೇಳಿದ್ದು ಆಶಾದಾಯಕ. ಆದರೂ ಸುಡೊಕು ಬಿಡಿಸುವವರು ಮುಖ್ಯವಾಗಿ ಸುಡೊಕುವಿನಲ್ಲಿಯೇ ಜಾಣರಾಗುತ್ತಾರೆ ಎಂಬ ಮೂಲ ಪಾಠವನ್ನು ಅದು ಅಳಿಸಲಿಲ್ಲ. ಮೊಬೈಲ್ ಆಟಗಳಿಂದ ಮರೆವು ದೂರವಾಗುತ್ತದೆಂದು ಜಾಹೀರಾತು ಕೊಟ್ಟ ಕಂಪನಿಯೊಂದು ಆಧಾರ ತೋರಿಸಲಾಗದೆ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ತೆರಬೇಕಾಯಿತು. ಇಪ್ಪತ್ತು ವರ್ಷದಿಂದ ಒಂದೇ ಬಗೆಯ ಪದಬಂಧವನ್ನು ಕಾಫಿ ಮುಗಿಯುವುದರೊಳಗೆ ತುಂಬುವವರಿಗೆ ಅದು ಈಗ ತರಬೇತಿಯಲ್ಲ, ಅಭ್ಯಾಸ. ಮಿದುಳು ದುಡಿಯುವುದು ಹೊಸದೂ ತುಸು ಕಷ್ಟವೂ ಆದದ್ದು ಎದುರಾದಾಗ.

ಹೀಗಾಗಿ ಸಂಶೋಧನೆ ಕಳೆದ ದಶಕದಲ್ಲಿ ಎರಡನ್ನೂ ಬೆಸೆಯುವ ಕಡೆಗೆ ಹೊರಳಿತು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಮಂದಿಯನ್ನು ಒಳಗೊಂಡ ‘ಫಿಂಗರ್’ ಪ್ರಯೋಗ ಆಹಾರ, ವ್ಯಾಯಾಮ, ಬುದ್ಧಿಯ ತರಬೇತಿ, ರಕ್ತದೊತ್ತಡ ಮೊದಲಾದವುಗಳ ತಪಾಸಣೆ, ಈ ನಾಲ್ಕನ್ನೂ ಒಟ್ಟಿಗೆ ಎರಡು ವರ್ಷ ನಡೆಸಿ, ಸಾಮಾನ್ಯ ಸಲಹೆ ಪಡೆದವರಿಗಿಂತ ಶೇ 25ರಷ್ಟು ಹೆಚ್ಚಿನ ಸುಧಾರಣೆಯನ್ನು 2015ರಲ್ಲಿ ವರದಿ ಮಾಡಿತು. ಕೆನಡಾದಲ್ಲಿ ನೆನಪು ಆಗಲೇ ತುಸು ಕುಂದಿದ್ದ 175 ಹಿರಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮದೊಡನೆ ಬುದ್ಧಿಯ ತರಬೇತಿಯನ್ನೂ ಪಡೆದವರ ಅರಿವು ಇಪ್ಪತ್ತು ವಾರಗಳಲ್ಲಿ ಸುಧಾರಿಸಿತು. ಜೊತೆಗೆ ಕೊಟ್ಟ ವಿಟಮಿನ್ ಡಿ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ. ಅಮೆರಿಕದಲ್ಲಿ 2,111 ಮಂದಿಯ ಮೇಲೆ ನಡೆದು 2025ರಲ್ಲಿ ಹೊರಬಂದ ಫಲಿತಾಂಶ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿತು: ಇಂಥ ಅಭ್ಯಾಸಗಳನ್ನು ನಿಗದಿತ ವೇಳಾಪಟ್ಟಿಯಂತೆ, ಗುಂಪಾಗಿ, ಹೇಳಿಕೊಡುವವರ ಜೊತೆಯಲ್ಲಿ ಮಾಡಿದವರು, ತಮಗೆ ತೋಚಿದಂತೆ ಮಾಡಿಕೊಂಡವರಿಗಿಂತ ಮುಂದಿದ್ದರು, ಅಂತರ ಸಣ್ಣದು, ಆದರೆ ನಿಜವಾದದ್ದು. ಮನೆಯಲ್ಲಿ ಒಬ್ಬರೇ ಕುಳಿತು ಮಿದುಳನ್ನು ಕಾಪಾಡಿಕೊಳ್ಳುವುದಕ್ಕಿಂತ ಊರೇ ಅದಕ್ಕೊಂದು ಏರ್ಪಾಡು ಮಾಡುವುದು ಮೇಲು ಎಂಬ ವಾದಕ್ಕೆ ಈ ಪ್ರಯೋಗ ಬಲ ಕೊಡುತ್ತದೆ.

ಅಂಥ ಏರ್ಪಾಡಿಗೆ ಬೇಕಾದ ಸಾಮಗ್ರಿ ಶಿವಮೊಗ್ಗದ ಸುತ್ತ ಹೇರಳವಾಗಿದೆ. ವಿನೋಬನಗರಕ್ಕೆ ಹೆಸರು ಕೊಟ್ಟ ವಿನೋಬಾ ಭಾವೆಯವರು 1951ರಲ್ಲಿ ಭೂದಾನದ ಪಾದಯಾತ್ರೆಗೆ ಹೊರಟಾಗ ಅವರಿಗೆ 55 ವರ್ಷ. ಅದಕ್ಕೂ ಮೊದಲು ವೆಲ್ಲೂರಿನ ಸೆರೆಮನೆಯಲ್ಲಿದ್ದಾಗ ಕನ್ನಡವೂ ಸೇರಿದಂತೆ ದಕ್ಷಿಣದ ನಾಲ್ಕು ಭಾಷೆಗಳನ್ನು ಕಲಿತವರು ಅವರು. ನಡುವಯಸ್ಸಿನಲ್ಲಿ ಹೊಸ ಭಾಷೆ, ಅದರ ಬೆನ್ನಿಗೆ ವರ್ಷಾನುಗಟ್ಟಲೆ ನಡಿಗೆ: ಇಂದಿನ ವೈದ್ಯರು ಬರೆದುಕೊಡುವ ಚೀಟಿಗೂ ಇದಕ್ಕೂ ವ್ಯತ್ಯಾಸ ಕಡಿಮೆ. ನಗರದ ಹೊರವಲಯದಲ್ಲಿ ತುಂಗೆಯ ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳಲ್ಲಿ ಗಮಕ ಇಂದಿಗೂ ಜೀವಂತವಾಗಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಒಬ್ಬರು ಷಟ್ಪದಿಯನ್ನು ರಾಗದಲ್ಲಿ ವಾಚಿಸುತ್ತಿದ್ದಂತೆ ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸುವ ಈ ಕಲೆಯಲ್ಲಿ, ಪದಚ್ಛೇದವನ್ನು ಕಣ್ಣು ಹುಡುಕಬೇಕು, ಸಂದರ್ಭಕ್ಕೆ ತಕ್ಕ ರಾಗವನ್ನು ಕಂಠ ಬದಲಿಸಬೇಕು, ವ್ಯಾಖ್ಯಾನಕಾರ ಎಲ್ಲಿ ನಿಲ್ಲಿಸುತ್ತಾನೆಂದು ಕಿವಿ ಕಾಯುತ್ತಿರಬೇಕು. ಎರಡು ಮೂರು ಕೆಲಸಗಳಿಗೆ ಏಕಕಾಲದಲ್ಲಿ ಗಮನ ಹಂಚುವ ಈ ಶಕ್ತಿಯನ್ನೇ ಪ್ರಯೋಗಾಲಯಗಳು ಕಂಪ್ಯೂಟರ್ ಪರದೆಯ ಮೇಲೆ ಕಲಿಸಲು ಯತ್ನಿಸುತ್ತವೆ. ವೇದ ಕಂಠಪಾಠ ಮಾಡಿದ ಭಾರತೀಯ ಪಂಡಿತರ ಹಿಪ್ಪೊಕ್ಯಾಂಪಸ್‌ನಲ್ಲಿ ಬೂದು ದ್ರವ್ಯ ಹೆಚ್ಚಾಗಿರುವುದನ್ನು 2016ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನ ಗುರುತಿಸಿದೆ. ಅವರು ಬಾಲ್ಯದಿಂದ ಅಭ್ಯಾಸ ಮಾಡಿದವರಾದ್ದರಿಂದ ಅದನ್ನು ಅರವತ್ತರ ನಂತರ ಕಲಿಯುವವರಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ, ಆದರೆ ಸುಳಿವಾಗಿ ಅದು ಬೆಲೆಯುಳ್ಳದ್ದು. ಅಕ್ಷರ ಬಾರದವರಿಗೆ ಕೋಲಾಟವಿದೆ: ಕಾಲಿಗೆ ಹೆಜ್ಜೆ, ಕೈಗೆ ತಾಳ, ಬಾಯಿಗೆ ಪದ, ಎದುರಿನ ಜೋಡಿ ಬದಲಾದಾಗ ಕ್ಷಣಮಾತ್ರದ ಲೆಕ್ಕಾಚಾರ. ಪೆನ್ನು, ಕಾಗದ ಬೇಡುವ ಪಶ್ಚಿಮದ ತರಬೇತಿಗಳು ತಲುಪದ ಹಿರಿಯರನ್ನು ಇದು ತಲುಪಬಲ್ಲದು.

ಭದ್ರಾವತಿಯ ಪ್ರಶ್ನೆ ಬೇರೆ. ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ ಮತ್ತು ಉತ್ಪಾದನೆ ನಿಂತುಹೋದ ಮೈಸೂರು ಕಾಗದ ಕಾರ್ಖಾನೆಗಳಲ್ಲಿ ದುಡಿದವರು ಮೈ ಬಗ್ಗಿಸಿದ್ದು ಕಡಿಮೆಯೇನಲ್ಲ. ಅವರಿಗೆ ಅನುಕೂಲವಾದ ಸಂಗತಿಯೊಂದಿದೆ: ಕೆಲಸಕ್ಕಾಗಿ ಹಲವು ಕಡೆಗಳಿಂದ ಬಂದವರು ಸೇರಿ ಕಟ್ಟಿದ ಆ ಊರಿನಲ್ಲಿ ಮನೆಯೊಳಗೆ ತಮಿಳೋ ತೆಲುಗೋ ಉರ್ದುವೋ ಆಡಿ ಬೀದಿಯಲ್ಲಿ ಕನ್ನಡವಾಡುವವರು ಬಹಳ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಪರಿಶೀಲಿಸಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದೂ, ಓದುಬರಹ ಬಾರದವರಿಗೂ ಈ ಮಾತು ಅನ್ವಯಿಸುತ್ತದೆಂದೂ 2013ರಲ್ಲಿ ತೋರಿಸಿದರು. ಬದುಕಿನುದ್ದಕ್ಕೂ ಮಿದುಳು ಮಾಡಿದ ಕಸರತ್ತು ಕಾಯಿಲೆಯ ಹೊಡೆತವನ್ನು ತಾಳಿಕೊಳ್ಳುವ ಅರಿವಿನ ಇಡುಗಂಟಾಗುತ್ತದೆ ಎಂಬ ಸಿದ್ಧಾಂತಕ್ಕೆ ಇದು ಒಳ್ಳೆಯ ನಿದರ್ಶನ. ಪ್ರತಿಕೂಲವಾದದ್ದೂ ಒಂದಿದೆ: ಸದ್ದು. 85 ಡೆಸಿಬಲ್ ಮೀರಿದ ಗದ್ದಲದಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ದುಡಿದವರ ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಾಗ, ಅತಿ ಹೆಚ್ಚು ಪಾಲು, ತಲಾ ಶೇ 7ರಷ್ಟು, ಕಿವುಡುತನಕ್ಕೂ ಕೆಟ್ಟ ಕೊಲೆಸ್ಟ್ರಾಲಿಗೂ ಸಿಕ್ಕಿತು. ಕೇಳಿಸದವರು ಮಾತು ಕಡಿಮೆ ಮಾಡುತ್ತಾರೆ, ಮಾತು ಕಡಿಮೆಯಾದವರು ಸಭೆ ಸಮಾರಂಭ ಬಿಡುತ್ತಾರೆ, ಮನೆಯವರು ಅದನ್ನೇ ಅರಳು ಮರಳು ಎನ್ನುತ್ತಾರೆ. ಆ ಊರಿನ ಹಿರಿಯರಿಗೆ ಪದಬಂಧಕ್ಕಿಂತ ಮೊದಲು ಬೇಕಾದದ್ದು ಕಿವಿಯ ತಪಾಸಣೆ ಮತ್ತು ಕೈಗೆಟಕುವ ಬೆಲೆಯ ಶ್ರವಣಸಾಧನ.

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದ 10,000 ಮಂದಿಯನ್ನು ವರ್ಷಗಳ ಕಾಲ ಅನುಸರಿಸುವ ಗುರಿಯ ಅಧ್ಯಯನ ನಡೆಸುತ್ತಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ಆದರೆ ಅದರಡಿ ನಡೆಯುವ ಆಸ್ಪತ್ರೆಯ ಚಿಕಿತ್ಸಾಲಯ ರೋಗ ಬಂದವರಿಗೆ. ಅದಕ್ಕೂ ಮೊದಲಿನ ಕೆಲಸ ನಡೆಯಬೇಕಾದದ್ದು ಬಡಾವಣೆಯಲ್ಲಿ, ಮತ್ತು ಅದು ಪಾಲಿಕೆಯ ಹೊಣೆಯೂ ಹೌದು. ಶಿವಮೊಗ್ಗದ 100 ಅಡಿ ರಸ್ತೆಯಂಥ ವಾಹನ ದಟ್ಟಣೆಯ ಹಾದಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಮಳೆಯಲ್ಲಿ, ಪಾಚಿ ಕಟ್ಟಿದ ಚಪ್ಪಡಿಯ ಮೇಲೆ ಎಪ್ಪತ್ತರ ಹಿರಿಯರು ಬಿರುಸಾಗಿ ನಡೆಯಲಾರರು. ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ, ಅಲ್ಲಿಗೆ ವ್ಯಾಯಾಮವೂ ಗೆಳೆಯರ ಒಡನಾಟವೂ ಒಟ್ಟಿಗೇ ತಪ್ಪುತ್ತವೆ. ಮಳೆಯ ಆ ನಾಲ್ಕು ತಿಂಗಳಾದರೂ ಮದುವೆ ಮುಂಜಿಗಳಿಲ್ಲದ ದಿನ ಬೀಗ ಬಿದ್ದಿರುವ ಸಮುದಾಯ ಭವನಗಳನ್ನು ವಾರಕ್ಕೆ ಮೂರು ಸಲ ತೆರೆದು, ಬಾಗಿಲಲ್ಲಿ ಬಿಪಿ ನೋಡಿ, ಒಳಗೆ ನಲವತ್ತು ನಿಮಿಷ ಹೆಜ್ಜೆಯ ಅಭ್ಯಾಸ, ಅರ್ಧ ಗಂಟೆ ಗಮಕವೋ ಹೊಸದೊಂದು ಭಾಷೆಯೋ ಕಲಿಕೆ ಎಂದು ಗೊತ್ತುಪಡಿಸುವುದಕ್ಕೆ ಭಾರಿ ಅನುದಾನವೇನೂ ಬೇಕಿಲ್ಲ. ಅದರ ವೇಳೆಯನ್ನು ಮಾತ್ರ ಮುಂಜಾನೆ ಆರಕ್ಕೆ ಇಡಬಾರದು. ಆ ಹೊತ್ತಿಗೆ ನಿವೃತ್ತ ಗಂಡಸರು ಹೇಗೂ ರಸ್ತೆಯಲ್ಲಿರುತ್ತಾರೆ; ಡಿಮೆನ್ಷಿಯಾಗೆ ಹೆಚ್ಚು ಈಡಾಗುವ ಹೆಂಗಸರು ಒಲೆಯ ಮುಂದಿರುತ್ತಾರೆ, ಅವರಿಗೆ ಬಿಡುವು ಸಿಗುವುದು ತಿಂಡಿಯ ಪಾತ್ರೆ ತೊಳೆದಿಟ್ಟ ಮೇಲೆ, ಹನ್ನೊಂದರ ಸುಮಾರಿಗೆ.