ಒಂದು ಚೀಲಕ್ಕೆ ಎರಡು ದರ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಡುವ ರೈತನು, ಅದಕ್ಕೆ ಮುನ್ನ ಗೂಡನ್ನು ಮನೆಯ ಜಗಲಿಯ ಮೇಲೆ ಹರವಿಕೊಂಡು, ಜೋಡಿಗೂಡು, ಕಲೆಗೂಡು, ಒಳಗೆ ಹುಳು ಸತ್ತು ಮೆತ್ತಗಾದ ಗೂಡು ಇವನ್ನೆಲ್ಲ ಆರಿಸಿ ಬೇರೆಯಿಡುವ ಶ್ರಮವನ್ನು ವ್ಯರ್ಥವೆಂದು ಬಗೆಯುವುದಿಲ್ಲ. ಅದೇ ರೈತನು, ಅದೇ ಜಗಲಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸಿಲ್ವರ್ ಎಂದು ಕರೆಯುವ ತೂತುಬಿದ್ದ ಅಲ್ಯೂಮಿನಿಯಂ ಪಾತ್ರೆ, ಹಿಡಿ ಸುಟ್ಟ ಕುಕ್ಕರು, ಹಳೆಯ ಕಿಟಕಿಯ ಚೌಕಟ್ಟು, ಮುಚ್ಚಳ ಕಳೆದುಹೋದ ಹಾಲಿನ ಕ್ಯಾನು ಇವನ್ನು ಒಂದೇ ಗೋಣಿಚೀಲಕ್ಕೆ ತುರುಕಿ ಗುಜರಿಯವನ ತಕ್ಕಡಿಯ ಮೇಲೆ ಕುಕ್ಕಿಬಿಡುತ್ತಾನೆ. ಇದನ್ನು ಕಂಡು ಸೋಮಾರಿತನವೆಂದು ಜರೆಯುವವರುಂಟು. ನನ್ನ ಮತ ಬೇರೆ. ಅವನ ಲೆಕ್ಕ ಎರಡು ಕಡೆಯಲ್ಲಿಯೂ ಸರಿಯಾಗಿಯೇ ಇದೆ: ಗೂಡಿನ ಹರಾಜಿನಲ್ಲಿ ನೂಲು ತೆಗೆಯುವ ಹತ್ತಾರು ರೀಲರುಗಳು ಗುಣವನ್ನು ನೋಡಿ ಬೆಲೆ ಕಟ್ಟುವುದರಿಂದ ಆರಿಸಿದ ಶ್ರಮವು ಹಣವಾಗಿ ಹಿಂದಿರುಗುತ್ತದೆ, ಗುಜರಿಯಂಗಡಿಯಲ್ಲಾದರೋ ಕೊಳ್ಳುವವನು ಒಬ್ಬನೇ, ದರವೂ ಅವನ ಬಾಯಿಂದ ಬಂದದ್ದೇ.

ಶುಚಿಗೊಳಿಸುವುದೆಂದರೆ ಏನೆಂಬುದನ್ನು ಮೊದಲು ವಿವೇಚಿಸಬೇಕು. ಪಾತ್ರೆಯ ತಳದ ಮಸಿಯನ್ನು ಬೂದಿ ಹಾಕಿ ತಿಕ್ಕುವುದು ಒಂದು. ಅಲ್ಯೂಮಿನಿಯಮ್ಮಿಗೆ ಅಂಟಿಕೊಂಡ ಕಬ್ಬಿಣ, ರಬ್ಬರು, ಪ್ಲಾಸ್ಟಿಕ್ಕುಗಳನ್ನು ಬಿಡಿಸುವುದು ಮತ್ತೊಂದು. ಮೊದಲನೆಯದು ಬಹುಮಟ್ಟಿಗೆ ವೃಥಾಯಾಸ. ಮಸಿ ಕುಲುಮೆಯಲ್ಲಿ ಸುಟ್ಟು ಹೋಗುತ್ತದೆ, ಉಳಿದದ್ದು ಕಿಟ್ಟವಾಗಿ ಮೇಲೆ ತೇಲುತ್ತದೆ. ತೊಳೆದ ನೀರು ಡಬ್ಬದ ಸಂದಿಯಲ್ಲಿ ನಿಂತಿತೋ, ಕರಗಿದ ಲೋಹದೊಳಗೆ ಬಿದ್ದೊಡನೆ ಅದು ಆವಿಯಾಗಿ ಸಿಡಿದು ಕುಲುಮೆಯ ಮುಂದೆ ನಿಂತವನ ಮೈಮೇಲೆ ಹಾರೀತು. ತೂಕ ಹೆಚ್ಚಲೆಂದು ಬೇಕೆಂದೇ ನೀರು ತುಂಬುವವರು ಈ ಮಾತನ್ನು ಒಂದು ಗಳಿಗೆ ಚಿಂತಿಸಲಿ. ಎರಡನೆಯದರ ಸ್ವರೂಪವೇ ಬೇರೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಹಾಗಿದ್ದರೂ ಕರಗಿದ ಅಲ್ಯೂಮಿನಿಯಮ್ಮಿನಲ್ಲಿ ಮುಳುಗಿದ ಕಬ್ಬಿಣವು ಮೆಲ್ಲಮೆಲ್ಲನೆ ಅದರೊಳಗೆ ಸೇರಿಹೋಗುತ್ತದೆ, ಸೇರಿದ ಮೇಲೆ ಸಾಮಾನ್ಯ ಕುಲುಮೆಯಲ್ಲಿ ಅದನ್ನು ತೆಗೆಯುವ ಉಪಾಯವಿಲ್ಲ, ಎರಕವು ಪೆಡಸಾಗಿ ಒಡೆಯುತ್ತದೆ. ದರದ ಏರಿಳಿತದ ಮೂಲ ಇಲ್ಲಿದೆ.

ಇನ್ನು ಲೆಕ್ಕ. ಕಸುಬು ಕಲಿಯದವನಿಗೂ ಸರ್ಕಾರವು ಒಪ್ಪಿರುವ ಶ್ರಮದ ಬೆಲೆಯೊಂದಿದೆ: ಉದ್ಯೋಗ ಖಾತರಿ ಯೋಜನೆಯಲ್ಲಿ 2024–25ನೆಯ ಸಾಲಿಗೆ ಕರ್ನಾಟಕದ ದಿನಗೂಲಿ 349 ರೂಪಾಯಿ ಇತ್ತು, ಎಂಟು ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 44. ಬೆರಕೆ ಮಾಲಿಗೆ ಕೆ.ಜಿ.ಗೆ 100, ಶುದ್ಧ ಮಾಲಿಗೆ 120 ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಎರಡು ಕೆ.ಜಿ. ತೂಗುವ ಕುಕ್ಕರಿನಲ್ಲಿ ಹಿಡಿ, ಸ್ಕ್ರೂ, ರಬ್ಬರು ಸೇರಿ 200 ಗ್ರಾಂ ಇದ್ದರೆ, ಹಾಗೆಯೇ ಕೊಟ್ಟಾಗ 200 ರೂಪಾಯಿ, ಬಿಚ್ಚಿ ಕೊಟ್ಟಾಗ 216. ಐದು ನಿಮಿಷಕ್ಕೆ 16 ರೂಪಾಯಿ ಗಿಟ್ಟಿತು. ಕೂಲಿಯ ದರದಲ್ಲಿ ಆ ಐದು ನಿಮಿಷಕ್ಕೆ ನಾಲ್ಕು ರೂಪಾಯಿಯೂ ಆಗದು. ಈಗ ಐದು ಕೆ.ಜಿ.ಯ ಎಂಜಿನ್ನಿನ ಎರಕವನ್ನು ತೆಗೆದುಕೊಳ್ಳಿ, ಅದರಲ್ಲಿ ಒಂದು ಕೆ.ಜಿ. ಬೋಲ್ಟು, ಬೇರಿಂಗು. ಹಾಗೆಯೇ ಮಾರಿದರೆ 500. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟಿನೊಡನೆ ಅರ್ಧ ದಿನ ಗುದ್ದಾಡಿ ಬಿಡಿಸಿದರೆ ನಾಲ್ಕು ಕೆ.ಜಿ.ಗೆ 480, ಕಬ್ಬಿಣಕ್ಕೊಂದು 25, ಒಟ್ಟು 505. ಅರ್ಧ ದಿನಕ್ಕೆ ಐದು ರೂಪಾಯಿ! ಕಸವನ್ನು ತೆಗೆದಾಗ ದರ ಏರುವುದಾದರೂ ತೂಕ ಇಳಿಯುತ್ತದೆಂಬುದನ್ನು ಮರೆತು ಸುತ್ತಿಗೆ ಹಿಡಿದವರು ಎಷ್ಟೋ ಮಂದಿ. ಆದರೆ ಗುಜರಿಯವನು ಕಬ್ಬಿಣವನ್ನು ಕಂಡು ಅದೇ ಎರಕಕ್ಕೆ 70 ಎಂದರೆ ಹಾಗೆಯೇ ಕೊಟ್ಟಾಗ ಬರುವುದು 350. ಆಗ ಸುತ್ತಿಗೆ ಹಿಡಿದವನಿಗೆ ಅರ್ಧ ದಿನದ ಕೂಲಿಗಿಂತ ತುಸು ಕಡಿಮೆಯಾದರೂ ಗಿಟ್ಟುತ್ತದೆ; ಬೇರೆ ಕೆಲಸವಿಲ್ಲದವನಿಗೆ ಅದೇ ಜಾಣತನ. ಆದ್ದರಿಂದ ಒಂದು ಸ್ಕ್ರೂವನ್ನು ಸಡಿಲಿಸುವ ಮೊದಲು ಎರಡೂ ದರಗಳನ್ನು ಕೇಳಿಕೊಳ್ಳಬೇಕು.

ತಂತಿಯ ವಿಷಯ ಬೇರೆ. ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಸುಟ್ಟು ತೆಗೆಯುವುದು ಊರ ಹೊರಗಿನ ಬಯಲುಗಳಲ್ಲಿ ಈಗಲೂ ಉಂಟು. ಆ ಹೊಗೆ ವಿಷ, ಅದರ ಮೇಲೆ ಸಣ್ಣ ಅಲ್ಯೂಮಿನಿಯಂ ಎಳೆಗಳು ಬೆಂಕಿಯಲ್ಲಿ ಭಸ್ಮವಾಗಿ ತೂಕವೂ ಕುಂದುತ್ತದೆ. ವಿದ್ಯುತ್ ಕಂಬದ ಮೇಲಿನ ತಂತಿಯ ನಡುವೆ ಉಕ್ಕಿನ ಎಳೆಯಿದ್ದು, ಆರು ಅಲ್ಯೂಮಿನಿಯಂ ಎಳೆಗಳಿಗೆ ಒಂದು ಉಕ್ಕಿನ ಎಳೆಯಿರುವ ತಂತಿಯಲ್ಲಿ ತೂಕದ ಸುಮಾರು ಮೂರನೆಯ ಒಂದು ಪಾಲು ಉಕ್ಕೇ. ಆದರೆ ಅದನ್ನು ಬಿಡಿಸುವ ಲೆಕ್ಕ ಗೃಹಸ್ಥನಿಗೆ ಬೇಡ, ಅದು ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂನ ಸ್ವತ್ತು, ಮಾರಹೊರಟವನು ಠಾಣೆಯ ಬಾಗಿಲು ಕಾಣುತ್ತಾನೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಉಳಿಯುವ ಕೀಟನಾಶಕದ ಅಲ್ಯೂಮಿನಿಯಂ ಸೀಸೆಗಳನ್ನು ಮನೆಯ ಹೆಂಗಸರ ಕೈಯಿಂದ ತೊಳೆಸಿ ಮಾರುವುದಂತೂ ಯಾವ ದರಕ್ಕೂ ಸಲ್ಲದು.

ಹೀಗಿರುವಾಗ ಜನರಿಗೆ ಶುಚಿತ್ವದ ಉಪದೇಶಕ್ಕಿಂತ ಅಗತ್ಯವಾದದ್ದು ದರದ ಪ್ರಕಟಣೆ. ಅದಿರಿನಿಂದ ಹೊಸದಾಗಿ ಒಂದು ಕೆ.ಜಿ. ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು; ಗುಜರಿಯನ್ನು ಕರಗಿಸಲು ಅದರ ಶೇಕಡ 5ರಷ್ಟು ಶಕ್ತಿ ಸಾಕು. ಇಷ್ಟು ಬೆಲೆಯುಳ್ಳ ವಸ್ತುವನ್ನು ಚಿಂತಾಮಣಿಯ ಅಂಗಡಿಯವನು ಹಿತ್ತಲಿನಲ್ಲಿ ತಾನೇ ವಿಂಗಡಿಸಿ, ಪಾತ್ರೆ ಬೇರೆ, ಎರಕ ಬೇರೆ, ತಂತಿ ಬೇರೆ ಮಾಡಿ ಮುಂದಿನ ವ್ಯಾಪಾರಿಗೆ ಬೇರೆಬೇರೆ ದರಕ್ಕೆ ಕೊಡುವಾಗ, ತಂದುಕೊಟ್ಟವನಿಗೆ ಒಂದೇ ದರವನ್ನು ಹೇಳುವುದು ಯಾವ ನ್ಯಾಯ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಾಲ್ಕು ನಗರಸಭೆಗಳೂ ಗುಜರಿಯಂಗಡಿಗೆ ಪರವಾನಗಿ ಕೊಡುವಾಗ, ಬೆರಕೆಯ ದರ ಮತ್ತು ಶುದ್ಧ ಮಾಲಿನ ದರ ಎರಡನ್ನೂ ದಿನದಿನವೂ ಬಾಗಿಲಿನ ಹಲಗೆಯ ಮೇಲೆ ಬರೆಯಬೇಕೆಂದೂ, ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕೆಂದೂ ಷರತ್ತು ವಿಧಿಸಲಿ. ಮೂರು ಕೆ.ಜಿ.ಯ ಚೀಲವನ್ನು ಸುರುವಿ ನೋಡಲು ತನಗೆ ಸಮಯವೆಲ್ಲಿದೆ ಎಂದು ಅಂಗಡಿಯವನು ಆಕ್ಷೇಪಿಸಬಹುದು, ಆ ಮಾತಿನಲ್ಲಿ ಹುರುಳೂ ಉಂಟು. ಅಂಥ ಸಣ್ಣ ಚೀಲಕ್ಕೆ ಬೆರಕೆಯ ದರವೇ ಇರಲಿ, ಆದರೆ ಅಯಸ್ಕಾಂತವನ್ನು ಆಡಿಸಿ ಕಬ್ಬಿಣವಿಲ್ಲವೆಂದು ತೋರಿಸಿದ ಚೀಲಕ್ಕೆ ಅವನು ಹಲಗೆಯ ಮೇಲಿನ ಎರಡನೆಯ ದರವನ್ನು ಕೊಡಲೇಬೇಕು.