ಅಮ್ಮ ವಾಪಸ್ ಹೇಳಿದ ಮೇಲೇನೇ ಡಿಸ್ಚಾರ್ಜ್

ವಾರ್ಡಿನ ಮಾತು, ಭಾಗ 6 🩸

ಫ್ರೆಂಡ್ಸ್, ಸಿಕಲ್ ಸೆಲ್ ಅನೀಮಿಯಾ ಅಂದ್ರೆ ನಮ್ಮ ಹೊಳವನಹಳ್ಳಿ ಕಡೆ "ಅದೇನು?" ಅಂತಾರೆ. ಚಾಮರಾಜನಗರ, ಎಚ್.ಡಿ. ಕೋಟೆ, ಕೊಡಗಿನ ಪೋಡು-ಹಾಡಿಗಳಲ್ಲಿ ಸೋಲಿಗ, ಜೇನುಕುರುಬ, ಯರವ ಮನೆಗಳಿಗೆ ಇದು ಗೊತ್ತಿರೋ ನೋವು. ನರ್ಸಿಂಗ್ ಓದ್ತಿರೋ ನಮ್ಮಲ್ಲಿ ಯಾರಿಗಾದ್ರೂ ನಾಳೆ ಅಲ್ಲೇ ಪೋಸ್ಟಿಂಗ್ ಆಗಬಹುದು.

ಈ ಕಾಯಿಲೆಯಲ್ಲಿ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಸೋಂಕು ತಡೆಯೋ ಗುಲ್ಮ, ಅಂದ್ರೆ ಸ್ಪ್ಲೀನ್, ಚಿಕ್ಕ ವಯಸ್ಸಲ್ಲೇ ಕೆಡುತ್ತೆ.

ಅದಕ್ಕೇ ಜ್ವರದ ಭಯ. ಮಕ್ಕಳಿಗೆ ಮೈ ಬಿಸಿಯಾದ್ರೆ ಪ್ಯಾರಾಸಿಟಮಾಲ್ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿ, "ಬೆಳಗ್ಗೆ ನೋಡೋಣ" ಅಂತೀವಿ. ಈ ಮಗುವಿಗೆ ಆ ಅಭ್ಯಾಸವೇ ಅಪಾಯ. 101 ಡಿಗ್ರಿ ದಾಟಿದ್ರೆ ನಡುರಾತ್ರಿಯಾದ್ರೂ ಆಸ್ಪತ್ರೆಗೆ ಹೊರಡಬೇಕು. ಕಾಯೋ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು.

ಇಂಥ ಮಾತನ್ನ, ಬ್ಯಾಗ್ ಹಿಡಿದು ಬಸ್ಸಿಗೆ ಹೊರಟವರ ಕೈಗೆ ಇಂಗ್ಲಿಷ್ ಚೀಟಿ ಕೊಟ್ಟು "ಅರ್ಥ ಆಯ್ತಾ?" ಅಂತ ಮುಗಿಸಿದ್ರೆ ಅವರು ಹೂಂ ಅಂತಾರೆ. ಆ ಹೂಂ ನಂಬಿ ಮಗುನ ಕಳಿಸಬಾರದು ಅನ್ನೋದು ನನ್ನ ಅಭಿಪ್ರಾಯ.

"ಅಕ್ಕ, ರಾತ್ರಿ ಹನ್ನೊಂದಕ್ಕೆ ಮೈ ಸುಡ್ತಿದೆ, ಏನ್ ಮಾಡ್ತೀರಿ?" ಅಂತ ಕೇಳಿ. ಉತ್ತರ ಅವರ ಮಾತಲ್ಲೇ ಬರಲಿ. ಥರ್ಮಾಮೀಟರ್ ಅವರೇ ಓದಲಿ. ಎಡಗಡೆ ಪಕ್ಕೆಲುಬಿನ ಕೆಳಗೆ ಅವರ ಬೆರಳನ್ನೇ ಇಡಿಸಿ, ಗುಲ್ಮ ಮುಟ್ಟಿ ನೋಡೋದು ಕಲಿಸಿ. ಹೊಟ್ಟೆ ಉಬ್ಬಿ ಮಗು ಬಿಳಿಚಿಕೊಂಡ್ರೆ ಗುಲ್ಮದಲ್ಲಿ ರಕ್ತ ತುಂಬ್ಕೊಳ್ತಿರಬಹುದು, ತಕ್ಷಣ ಹೊರಡಬೇಕು. ನೀರು ಆಗಾಗ ಕುಡಿಸಬೇಕು, ಚಳಿಗೆ ಬೆಚ್ಚಗಿಡಬೇಕು. 5 ವರ್ಷದವರೆಗೆ ಪೆನಿಸಿಲಿನ್ ತಪ್ಪಬಾರದು. ಡಾಕ್ಟರ್ ಬರೆದ ಹೈಡ್ರಾಕ್ಸಿಯೂರಿಯಾನ "ನೋವಿಲ್ವಲ್ಲ" ಅಂತ ನಿಲ್ಲಿಸಬಾರದು. ಮಗು ನೋಡ್ಕೊಳ್ಳೋದು ಅಜ್ಜಿ ಆದ್ರೆ ಅಜ್ಜಿನೂ ಕೂತು ಕೇಳಲಿ.

"ಟೈಮ್ ಎಲ್ಲಿದೆ?" ಅಂತೀರಾ. ನಿಜ, ವಾರ್ಡಲ್ಲಿ ಕೈ ಸಾಲಲ್ಲ. ಆದ್ರೆ ಅಡ್ಮಿಟ್ ಆದ ದಿನದಿಂದಲೇ, ಔಷಧಿ ಕೊಡುವಾಗ ದಿನಕ್ಕೊಂದು ವಿಷಯ ಹೇಳ್ತಾ ಬನ್ನಿ. ಕೊನೇ ದಿನ ಅವರ ಬಾಯಿಂದ ಕೇಳಿಸ್ಕೊಂಡ್ರೆ ಸಾಕು.

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಮಿಷನ್, 2047ರೊಳಗೆ ಈ ಕಾಯಿಲೆ ನಿರ್ಮೂಲನೆಯ ಗುರಿ ಇಟ್ಟಿದೆ. ರಕ್ತಪರೀಕ್ಷೆ ಮಾಡಿ ಕಾರ್ಡ್ ಕೊಡ್ತಿದ್ದಾರೆ, ಒಳ್ಳೇದೇ. ಆದ್ರೆ ಆ ರಾತ್ರಿ ಮಗು ಪಕ್ಕದಲ್ಲಿ ಮಿಷನ್ ಇರಲ್ಲ, ಅಮ್ಮ ಇರ್ತಾಳೆ.

ನಿಮ್ಮ ವಾರ್ಡಲ್ಲಿ ಕನ್ನಡದ ಡಿಸ್ಚಾರ್ಜ್ ಚೀಟಿ ಇದೆಯಾ? ಕಾಮೆಂಟಲ್ಲಿ ಹೇಳಿ 👇

#ವಾರ್ಡಿನಮಾತು #ಸಿಕಲ್‌ಸೆಲ್ #ಹೊಳವನಹಳ್ಳಿ