ಮೊಟ್ಟೆ ಎಲ್ಲಿಟ್ಟಿದೆ ನೋಡಿ, ಆಮೇಲೆ ಔಷಧಿ ಅಂಗಡಿಗೆ ಹೋಗಿ

ಜೋಳ ಬಿತ್ತಿ ಇಪ್ಪತ್ತು ದಿನ ಆಗ್ತಿದ್ದಂಗೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಯಾವ ಔಷಧಿ ಹೊಡೆದ್ರಿ?" ಈ ಪ್ರಶ್ನೆ ಒಂದು ವಾರ ತಡವಾಗಿ ಬರುತ್ತೆ ಅನ್ನೋದು ನನ್ನ ತಕರಾರು. ಅದಕ್ಕಿಂತ ಮೊದಲು ಕೇಳ್ಬೇಕಾದ್ದು, ಮೊಟ್ಟೆ ಕಂಡಿತಾ ಅಂತ.

ಸೈನಿಕ ಹುಳು, ನಾವು ಲದ್ದಿ ಹುಳು ಅಂತೀವಲ್ಲ, ಅದು ಭಾರತದಲ್ಲಿ ಮೊದಲು ಗುರುತಾಗಿದ್ದೇ ಇಲ್ಲಿ, ನವುಲೆ ಕೃಷಿ ಕಾಲೇಜಿನ ಜೋಳದ ತಾಕಲ್ಲಿ, 2018ರ ಮೇ ತಿಂಗಳಲ್ಲಿ. ಅಮೆರಿಕದ ಹುಳ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸ್ತು, ಎರಡೇ ವರ್ಷಕ್ಕೆ ನಮ್ಮ ಮನೆ ಬಾಗಿಲಿಗೆ ಬಂತು. ಅಂದ್ಮೇಲೆ ಇದರ ಚಾಳಿ ಬೇರೆ ಊರಿನೋರಿಗಿಂತ ನಮಗೆ ಚೆನ್ನಾಗಿ ಗೊತ್ತಿರ್ಬೇಕು.

ಇದರ ಪತಂಗ ರಾತ್ರಿ ಬಂದು ಎಲೆ ಮೇಲೆ ಒಂದೇ ಕಡೆ ನೂರು, ಇನ್ನೂರು ಮೊಟ್ಟೆ ಗುಂಪಾಗಿ ಇಡುತ್ತೆ. ಜಾಸ್ತಿ ಸಿಗೋದು ಎಲೆಯ ಅಡಿಭಾಗದಲ್ಲಿ, ಕಾಂಡಕ್ಕೆ ಹತ್ತಿರ. ಮೇಲೆ ತನ್ನ ಮೈಯ ರೋಮ ಮುಚ್ಚಿರುತ್ತೆ, ದೂರದಿಂದ ನೋಡಿದ್ರೆ ಬೂಷ್ಟು ಹಿಡಿದಂಗೆ ಕಾಣುತ್ತೆ. ಎರಡು ಮೂರು ದಿನಕ್ಕೆ ಮರಿ ಹೊರಗೆ. ಮರಿಗಳು ಎಲೆ ಕೆರೆದು ತಿಂತಾವೆ, ನೂಲು ಬಿಟ್ಟು ಗಾಳಿಗೆ ತೂಗಾಡಿ ಪಕ್ಕದ ಗಿಡಕ್ಕೆ ಹೋಗ್ತಾವೆ. ಸ್ವಲ್ಪ ಬಲಿತ ಮೇಲೆ ಸುಳಿಯೊಳಗೆ ಇಳಿದು, ಮೇಲೆ ತಮ್ಮ ಲದ್ದಿನೇ ಮುಚ್ಚಳ ಮಾಡ್ಕೊಂಡು ಕೂರ್ತಾವೆ. ಆಗ ನಾವು ಪಂಪು ಹೊತ್ತು ಹೋಗ್ತೀವಿ! ಔಷಧಿ ಲದ್ದಿಗೆ ಬೀಳುತ್ತೆ, ಹುಳ ಒಳಗೆ ಆರಾಮಾಗಿರುತ್ತೆ.

ಅದೇ ಮೊಟ್ಟೆ ಗುಂಪು ಕಂಡ ದಿನ ಎಲೆ ಸಮೇತ ಎರಡು ಬೆರಳಲ್ಲಿ ಹೊಸಕಿದ್ರೆ ನೂರು ಹುಳ ಹೋದಂಗೆ. ಖರ್ಚು ಏನಿಲ್ಲ.

"ನಾಲ್ಕೆಕರೆ ಜೋಳದಲ್ಲಿ ಗಿಡ ಗಿಡ ಹುಡುಕೋಕೆ ಆಳೆಲ್ಲಿ?" ಅಂತೀರಿ. ಸರಿಯಾದ ಮಾತೇ. ಆದ್ರೆ ಎಲ್ಲಾ ಗಿಡ ನೋಡೋದು ಬೇಡ. ಹುಟ್ಟಿದ ವಾರದಿಂದ ವಾರಕ್ಕೆರಡು ಸಲ ಹೊಲದ ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡ ತಿರುಗಿಸಿ ನೋಡಿ. ಅಲ್ಲೊಂದು ಇಲ್ಲೊಂದು ಇದ್ರೆ ಕೈಯಲ್ಲೇ ಮುಗೀತು. ಎಲ್ಲಾ ಕಡೆ ಕಂಡ್ರೆ ಆಗಲೇ ಬೇವಿನ ಔಷಧಿ, 1500 ಪಿಪಿಎಂದು, ಲೀಟರಿಗೆ 5 ಎಂಎಲ್ ಹಾಕಿ ಹೊಡೀರಿ. ಮರಿ ಸಣ್ಣದಿದ್ದಾಗ ಮಾತ್ರ ಅದು ಕೆಲಸ ಮಾಡೋದು.

ಒಂದು ಎಚ್ಚರಿಕೆ. ಕೂದಲೆಳೆಯಂಥ ಕಡ್ಡಿ ತುದಿಲಿ ಒಂದೊಂದೇ ಮೊಟ್ಟೆ ನಿಂತಿದ್ರೆ ಅದನ್ನ ಮುಟ್ಬೇಡಿ. ಅದು ಹಸಿರು ಜಾಲರಿ ರೆಕ್ಕೆ ಹುಳದ್ದು, ಅದರ ಮರಿ ನಮ್ಮ ಕೆಲಸ ಮಾಡುತ್ತೆ.

ಇನ್ನು ಹೀರೆ, ಹಾಗಲ, ಸೌತೆ ಹಾಕಿದೋರ ಊಜಿ ಕಾಟ. (ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡೋ ಊಜಿನೇ ಬೇರೆ, ಹೆಸರು ಮಾತ್ರ ಒಂದೇ.) ಈ ನೊಣ ಎಳೆ ಕಾಯಿಗೆ ಚುಚ್ಚಿ ಸಿಪ್ಪೆ ಒಳಗೆ ಮೊಟ್ಟೆ ಇಡುತ್ತೆ. ಹೊರಗೆ ಹೊಡೆದ ಔಷಧಿ ಅದಕ್ಕೆಲ್ಲಿ ತಾಗುತ್ತೆ? ಕಟ್ಟೋ ಬಲೆಗೆ ಬೀಳೋದು ಬರೀ ಗಂಡು ನೊಣ, ಮೊಟ್ಟೆ ಇಡೋ ಹೆಣ್ಣು ಹೊರಗೇ ಓಡಾಡ್ಕೊಂಡಿರುತ್ತೆ. ಬಲೆ ಬೇಡ ಅಂತ ಅಲ್ಲ, ಕಟ್ಟಿ. ಆದ್ರೆ ಬಲೆ ಕಟ್ಟಿ ಕೊಳೆತ ಕಾಯಿನ ಬೇಲಿಗೆ ಎಸೆಯೋದಿದೆಯಲ್ಲ, ಅದೇ ತಪ್ಪು. ಆ ಕಾಯಿಯೊಳಗಿನ ಹುಳ ಮಣ್ಣಿಗಿಳಿದು ಕೋಶ ಆಗಿ, ಮತ್ತೆ ನೊಣ ಆಗಿ ನಿಮ್ಮ ಬಳ್ಳಿಗೂ ಪಕ್ಕದೋರ ಬಳ್ಳಿಗೂ ಬರುತ್ತೆ. ಬಿದ್ದ ಕಾಯಿ ದಿನಾ ಆರಿಸಿ ಎರಡಡಿ ಗುಂಡಿಲಿ ಹೂಳಿ, ಇಲ್ಲಾ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಹಾಕಿ. ಒಬ್ಬರೇ ಮಾಡಿದ್ರೆ ಸಾಲದು, ಅಕ್ಕಪಕ್ಕದೋರೂ ಮಾಡ್ಬೇಕು. ಹೇಳೋಕೆ ಮುಜುಗರ ಆಗುತ್ತೆ ಅಂತ ಸುಮ್ನಿರ್ತೀವಿ, ಅದಕ್ಕೇ ಇಲ್ಲಿ ಬರೀತಿದೀನಿ.

ತೆಂಗಿನ ಸುಳಿ ಕೊರೆಯೋ ಕುರುವಾಯಿ ದುಂಬಿಯಂತೂ ಮೊಟ್ಟೆ ಇಡೋದು ನಮ್ಮದೇ ತಿಪ್ಪೇಲಿ. ಗೊಬ್ಬರ ತೆಗೆಯುವಾಗ ಸಿಗೋ ದಪ್ಪ ಬಿಳಿ ಹುಳನ ಕೋಳಿಗೆ ಹಾಕಿ, ವಾಪಸ್ ಮುಚ್ಬೇಡಿ.

ಈ ವಾರ ಜೋಳಕ್ಕೆ ಇಳಿಯೋರು ಮೊಟ್ಟೆ ಗುಂಪು ಕಂಡ್ರೆ ಎಲೆ ಸಮೇತ ಫೋಟೋ ಹಾಕಿ. ಯಾವ ಊರು, ಬಿತ್ತಿ ಎಷ್ಟು ದಿನ ಆಯ್ತು ಅಂತಾನೂ ಬರೀರಿ. ಸುತ್ತಮುತ್ತ ಇರೋರು ಮಾರನೇ ದಿನವೇ ತಮ್ಮ ಹೊಲ ನೋಡ್ಕೋಬಹುದು.